ಇನ್ನೊಬ್ಬರ ಸಾಮಾನು, ನಿಮ್ಮ ಜಾಗ, ಬಾರದ ಬಾಡಿಗೆ: ಕಾನೂನಿನ ದಾರಿಯಲ್ಲಿ ಇಡಬೇಕಾದ ಹೆಜ್ಜೆಗಳು

ಊರು ಬಿಡುವಾಗ ಸ್ನೇಹಿತರು ಒಂದು ತಿಂಗಳ ಮಟ್ಟಿಗೆಂದು ಇರಿಸಿಹೋದ ಫ್ರಿಜ್ಜು, ಮನೆ ಖಾಲಿ ಮಾಡಿದ ಬಾಡಿಗೆದಾರರು ಒಯ್ಯದೆ ಉಳಿಸಿದ ಬೀರು ಮತ್ತು ಮಂಚ, ರಿಪೇರಿ ಮುಗಿದು ವರ್ಷವಾದರೂ ಗ್ಯಾರೇಜಿನಿಂದ ಕದಲದ ಕಾರು, ಗೋದಾಮಿನಲ್ಲಿ ಬಾಕಿ ಏರುತ್ತಲೇ ಇರುವ ವ್ಯಾಪಾರಿಯ ಮೂಟೆಗಳು: ಇವುಗಳಿಂದ ಹುಟ್ಟುವ ವ್ಯಾಜ್ಯಗಳು ಹೊರಗೆ ಬೇರೆಬೇರೆಯಾಗಿ ಕಂಡರೂ ಒಳಗೆ ಒಂದೇ ಬಗೆಯವು. ಜಾಗ ಕೊಟ್ಟವರು ಬಾಡಿಗೆ ಕೊಟ್ಟು ಒಯ್ಯಿರಿ ಎನ್ನುತ್ತಾರೆ. ಸಾಮಾನಿನ ಒಡೆಯರು ಬಾಡಿಗೆಯ ಮಾತೇ ಆಗಿರಲಿಲ್ಲ ಎನ್ನುತ್ತಾರೆ. ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಮೂರು ಪ್ರತ್ಯೇಕ ಪ್ರಶ್ನೆಗಳನ್ನು ಒಂದಾಗಿ ಕಲಸಿಕೊಳ್ಳುವುದರಿಂದ. ಇಟ್ಟುಕೊಂಡದ್ದಕ್ಕೆ ಹಣ ಕೇಳುವ ಹಕ್ಕು ಇದೆಯೇ ಎಂಬುದು ಮೊದಲನೆಯದು. ಹಣ ಬರುವವರೆಗೆ ಸಾಮಾನನ್ನು ತಡೆಹಿಡಿಯಬಹುದೇ ಎಂಬುದು ಎರಡನೆಯದು. ಕೊನೆಗೂ ಹಣ ಬಾರದಿದ್ದರೆ ಅದನ್ನು ಮಾರಬಹುದೇ ಎಂಬುದು ಮೂರನೆಯದು. ಭಾರತದ ಕಾನೂನಿನಲ್ಲಿ ಈ ಮೂರಕ್ಕೂ ಬೇರೆಬೇರೆ ಉತ್ತರಗಳಿವೆ. ಮೊದಲನೆಯದಕ್ಕೆ ಹೌದು ಎಂದಾಕ್ಷಣ ಉಳಿದೆರಡಕ್ಕೂ ಹೌದು ಎಂದಾಗುವುದಿಲ್ಲ.

ಈ ಲೇಖನವನ್ನು ಮುಖ್ಯವಾಗಿ ಸಾಮಾನು ಇಟ್ಟುಕೊಂಡು ಬಾಡಿಗೆ ಕಾಣದವರಿಗಾಗಿ ಬರೆಯಲಾಗಿದೆ. ಸಾಮಾನಿನ ಒಡೆಯರು ಏನು ಮಾಡಬೇಕೆಂಬುದು ಕೊನೆಯ ಭಾಗದ ಹತ್ತಿರ ಬರುತ್ತದೆ. ದೊಡ್ಡ ಮೊತ್ತದ ವ್ಯಾಜ್ಯವಾದರೆ ವಕೀಲರನ್ನು ಕಾಣಲೇಬೇಕು. ಆದರೆ ಅವರ ಬಳಿಗೆ ಹೋಗುವ ಮುನ್ನ ಮಾಡಿಟ್ಟುಕೊಳ್ಳಬೇಕಾದ ಕೆಲಸವೇ ಬಹುಪಾಲು ಪ್ರಕರಣಗಳ ಹಣೆಬರಹವನ್ನು ತೀರ್ಮಾನಿಸುತ್ತದೆ.

ಮೊದಲ ಹೆಜ್ಜೆ: ಸಾಮಾನು ನಿಮ್ಮ ಕೈಗೆ ಬಂದ ಬಗೆಯನ್ನು ಗುರುತಿಸಿ

ಒಬ್ಬರು ಒಂದು ಉದ್ದೇಶಕ್ಕಾಗಿ ತಮ್ಮ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಉದ್ದೇಶ ತೀರಿದ ಮೇಲೆ ಹಿಂದಿರುಗಿಸಬೇಕೆಂದು ಕರಾರಾದರೆ, 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಂ ಅದನ್ನು ಬೇಲ್‌ಮೆಂಟ್ ಎಂದು ಕರೆಯುತ್ತದೆ. ಕರಾರು ಬರಹದಲ್ಲೇ ಇರಬೇಕೆಂದೇನೂ ಇಲ್ಲ. ಬಾಯಿಮಾತಿನದೂ ನಡೆಯುತ್ತದೆ, ಸಾಬೀತುಪಡಿಸುವುದು ಮಾತ್ರ ಕಷ್ಟ. ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಸಾಮಾನು ಯಾವ ದಿನ ಬಂತು, ಯಾರು ತಂದಿಟ್ಟರು, ಎಷ್ಟು ಕಾಲಕ್ಕೆಂದು ಹೇಳಿದರು, ಹಣದ ಮಾತು ಬಂದಿತ್ತೇ, ಬಂದಿದ್ದರೆ ಎಷ್ಟು, ಒಮ್ಮೆಯಾದರೂ ಹಣ ಪಾವತಿಯಾಗಿದೆಯೇ. ಒಂದೇ ಒಂದು ತಿಂಗಳ ಬಾಡಿಗೆ ಯುಪಿಐ ಮೂಲಕ ಬಂದಿದ್ದರೂ ಅದು ಹಣಕ್ಕಾಗಿ ಇಟ್ಟುಕೊಂಡದ್ದೆಂಬುದಕ್ಕೆ ಬಲವಾದ ಸಾಕ್ಷಿ.

ಬಾಡಿಗೆದಾರರು ಬಿಟ್ಟುಹೋದ ಸಾಮಾನಿನ ಸ್ಥಿತಿ ಬೇರೆ. ಅಲ್ಲಿ ಯಾರೂ ನಿಮ್ಮ ವಶಕ್ಕೆ ಏನನ್ನೂ ಒಪ್ಪಿಸಿಲ್ಲ. ನಿಮ್ಮ ಜಾಗದಲ್ಲಿ ಅದು ಉಳಿದುಕೊಂಡಿದೆ, ಅಷ್ಟೆ. ಇಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಬಾಡಿಗೆದಾರರು ಮನೆಗೆ ಬೀಗ ಹಾಕಿಕೊಂಡು ಕಾಣೆಯಾಗಿದ್ದರೆ, ಕೀಲಿಯನ್ನು ಹಿಂದಿರುಗಿಸದೆ ಇದ್ದರೆ, ಮನೆಯ ಸ್ವಾಧೀನ ಇನ್ನೂ ಅವರದೇ ಎಂಬ ವಾದಕ್ಕೆ ಎಡೆಯಿರುತ್ತದೆ. ಬೀಗ ಒಡೆದು ಸಾಮಾನು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು, ಮತ್ತು ಆ ದಾವೆಯಲ್ಲಿ ಮನೆ ಯಾರದೆಂಬ ಪ್ರಶ್ನೆಯೇ ಬರುವುದಿಲ್ಲ. ಕೀಲಿ ಕೈಗೆ ಬಂದಿದೆ, ಅಥವಾ ಖಾಲಿ ಮಾಡಿದ್ದೇನೆಂಬ ಸಂದೇಶವಾದರೂ ಇದೆ ಎಂದಾದರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಿ. ಇಲ್ಲವಾದರೆ ತೆರವಿಗಾಗಿ ನ್ಯಾಯಾಲಯದ ದಾರಿಯನ್ನೇ ಹಿಡಿಯಬೇಕು.

ಮದುವೆ ಮುರಿದ ಮನೆಗಳಲ್ಲಿ ಉಳಿಯುವ ಹೆಣ್ಣಿನ ಒಡವೆ, ಪಾತ್ರೆ, ಬಟ್ಟೆಗಳನ್ನು ಈ ಲೆಕ್ಕಕ್ಕೆ ತರಲೇಬೇಡಿ. ಸ್ತ್ರೀಧನ ಪೂರ್ಣವಾಗಿ ಅವಳದೇ ಎಂದೂ, ಅದನ್ನು ಕೊಡದೆ ಅರಗಿಸಿಕೊಳ್ಳುವುದು ನಂಬಿಕೆದ್ರೋಹದ ಅಪರಾಧವಾಗಬಲ್ಲದೆಂದೂ ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಅದರ ಮೇಲೆ ಜಾಗದ ಬಾಡಿಗೆ ಕೇಳುವ ಪತ್ರವು ಎದುರು ಪಕ್ಷದ ಕೈಯಲ್ಲಿ ಸಾಕ್ಷ್ಯವಾಗುತ್ತದೆ.

ಎರಡನೆಯ ಹೆಜ್ಜೆ: ಎಷ್ಟು ಹಣ ನ್ಯಾಯವಾಗಿ ಬರಬೇಕೆಂದು ಲೆಕ್ಕ ಹಾಕಿ

ದರ ಮೊದಲೇ ಗೊತ್ತಾಗಿದ್ದರೆ ತೊಡಕಿಲ್ಲ. ಕರಾರಿನ ದರವೇ ದರ. ಉಚಿತವಾಗಿ ಇಟ್ಟುಕೊಳ್ಳಲು ಒಪ್ಪಿದ್ದರೆ, ಆ ಕಾಲಕ್ಕೆ ಹಿಂದಿನಿಂದ ಬಾಡಿಗೆ ಹೇರಲು ಬರುವುದಿಲ್ಲ. ಆದರೆ ಉಚಿತವಾಗಿ ಇಟ್ಟುಕೊಂಡವರು ಅದರ ರಕ್ಷಣೆಗಾಗಿ ಮಾಡಿದ ಅವಶ್ಯಕ ಖರ್ಚನ್ನು ಒಡೆಯರು ತುಂಬಿಕೊಡಬೇಕೆಂದು ಕರಾರು ಕಾಯ್ದೆಯ 158ನೇ ಕಲಂ ಹೇಳುತ್ತದೆ. ದನವನ್ನು ಬಿಟ್ಟುಹೋಗಿದ್ದರೆ ಮೇವಿನ ಖರ್ಚು, ಮರದ ಸಾಮಾನಾದರೆ ಗೆದ್ದಲಿನ ಔಷಧಿಯ ಖರ್ಚು, ಮಳೆಗೆ ಹೊದಿಸಿದ ತಾಡಪಾಲಿನ ಬೆಲೆ ಈ ಬಗೆಯವು. ರಸೀದಿ ಇರಬೇಕು.

ಒಪ್ಪಂದವೇ ಇಲ್ಲದೆ ಬಿಟ್ಟುಹೋದ ಸಾಮಾನಿಗೆ, ಅಥವಾ ಉಚಿತದ ಅವಧಿ ಮುಗಿದ ನಂತರದ ಕಾಲಕ್ಕೆ, 70ನೇ ಕಲಂ ಆಸರೆಯಾಗಬಲ್ಲದು. ಒಬ್ಬರು ನ್ಯಾಯಸಮ್ಮತವಾಗಿ, ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ, ಇನ್ನೊಬ್ಬರಿಗಾಗಿ ಏನನ್ನಾದರೂ ಮಾಡಿ, ಆ ಇನ್ನೊಬ್ಬರು ಅದರ ಪ್ರಯೋಜನ ಪಡೆದರೆ ಪರಿಹಾರ ಕೊಡಬೇಕೆಂಬುದು ಅದರ ತಿರುಳು. ಈ ಕಲಮಿನ ಬಗ್ಗೆ ಇಂದಿಗೂ ಉಲ್ಲೇಖಿಸಲಾಗುವ 1961ರ ಸುಪ್ರೀಂ ಕೋರ್ಟ್ ತೀರ್ಪು, ಪಶ್ಚಿಮ ಬಂಗಾಳ ಸರ್ಕಾರ ವಿರುದ್ಧ ಬಿ.ಕೆ. ಮೊಂಡಲ್ ಪ್ರಕರಣ, ಹುಟ್ಟಿದ್ದೂ ದಾಸ್ತಾನಿನ ಸುತ್ತಲೇ: ನಾಗರಿಕ ಸರಬರಾಜು ಇಲಾಖೆಗಾಗಿ ಗುತ್ತಿಗೆದಾರರು ಗೋದಾಮುಗಳನ್ನು ಕಟ್ಟಿಕೊಟ್ಟಿದ್ದರು, ಕರಾರು ವಿಧಿಪ್ರಕಾರ ಆಗಿರಲಿಲ್ಲ, ಆದರೂ ಸರ್ಕಾರ ಕಟ್ಟಡವನ್ನು ಬಳಸಿಕೊಂಡ ಕಾರಣ ಹಣ ಕೊಡಬೇಕಾಯಿತು. ಆ ತೀರ್ಪಿನಲ್ಲೇ ಇನ್ನೊಂದು ಮಾತೂ ಇದೆ. ಬೇಡ ಎನ್ನುವ ಅವಕಾಶ ಎದುರಿನವರಿಗೆ ಇರಬೇಕು. ಅವರು ಸ್ವಇಚ್ಛೆಯಿಂದ ಪ್ರಯೋಜನ ಪಡೆದಿರಬೇಕು. ಹಾಗಾಗಿ ಇಂಥ ದಿನದೊಳಗೆ ಒಯ್ಯದಿದ್ದರೆ ಇಷ್ಟು ದರ ಎಂದು ಬರವಣಿಗೆಯಲ್ಲಿ ತಿಳಿಸದೆಯೇ ಎರಡು ವರ್ಷದ ಬಾಡಿಗೆಯನ್ನು ಒಮ್ಮೆಲೇ ಕೇಳಿದರೆ ನ್ಯಾಯಾಲಯ ಒಪ್ಪುವುದು ಕಷ್ಟ. ನೋಟಿಸಿನ ದಿನದಿಂದಲೇ ನಿಮ್ಮ ಲೆಕ್ಕ ಗಟ್ಟಿಯಾಗುತ್ತದೆ ಎಂದು ಭಾವಿಸಿ ನಡೆಯುವುದು ಜಾಣತನ.

ದರವನ್ನು ಸಿಟ್ಟಿನಲ್ಲಿ ನಿಗದಿ ಮಾಡಬಾರದು. ಎಂಟು ಸಾವಿರದ ಹಳೆಯ ಸೋಫಾಕ್ಕೆ ತಿಂಗಳಿಗೆ ಐದು ಸಾವಿರ ಬಾಡಿಗೆ ಕೇಳಿದ ನೋಟಿಸನ್ನು ಯಾವ ನ್ಯಾಯಾಧೀಶರೂ ಗಂಭೀರವಾಗಿ ಓದುವುದಿಲ್ಲ. ನಿಮ್ಮ ಊರಿನ ಗೋದಾಮಿನಲ್ಲಿ ಅಷ್ಟೇ ಜಾಗಕ್ಕೆ ಏನು ದರವಿದೆಯೆಂದು ಒಂದೆರಡು ಕಡೆ ಲಿಖಿತ ದರಪಟ್ಟಿ ತರಿಸಿ, ಅದಕ್ಕೆ ಹೊಂದಿಸಿ. ಬಡ್ಡಿ ಬೇಕಿದ್ದರೆ ಅದನ್ನೂ ನೋಟಿಸಿನಲ್ಲೇ ಕೇಳಬೇಕು. ಲಿಖಿತ ದಸ್ತಾವೇಜಿನಲ್ಲಿ ಪಾವತಿಯ ದಿನ ನಿಗದಿಯಾಗಿರದ ಹಣಕ್ಕೆ, ಬಡ್ಡಿ ಕೇಳಿ ಕೊಟ್ಟ ಲಿಖಿತ ನೋಟಿಸಿನ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆ ಅವಕಾಶ ಕೊಡುತ್ತದೆ.

ಮೂರನೆಯ ಹೆಜ್ಜೆ: ತಡೆಹಿಡಿಯುವ ಹಕ್ಕು ನಿಮಗಿದೆಯೇ ಎಂದು ನೋಡಿಕೊಳ್ಳಿ

ಜನ ಅತಿ ಹೆಚ್ಚು ತಪ್ಪು ತಿಳಿದಿರುವ ಭಾಗ ಇದೇ. ಹಣ ಬಾಕಿಯಿದೆ, ವಸ್ತು ನನ್ನ ಬಳಿಯಿದೆ, ಆದ್ದರಿಂದ ಕೊಡುವುದಿಲ್ಲ ಎಂಬುದು ಸಹಜವಾದ ತರ್ಕ. ಕಾನೂನು ಅದನ್ನು ಕೆಲವರಿಗೆ ಮಾತ್ರ ಒಪ್ಪುತ್ತದೆ. ಬ್ಯಾಂಕುಗಳಲ್ಲಿ, ವಕೀಲರ ಬಾಯಲ್ಲಿ ಈ ತಡೆಹಿಡಿಯುವ ಹಕ್ಕಿಗೆ ಲೀನ್ ಎಂದು ಹೆಸರು.

ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲದ ಸೇವೆ ಮಾಡಿದವರು ಆ ಸೇವೆಯ ಹಣ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಬಟ್ಟೆ ಹೊಲಿದ ದರ್ಜಿ, ಎಂಜಿನ್ ಸರಿಪಡಿಸಿದ ಮೆಕ್ಯಾನಿಕ್, ಕಲ್ಲು ಸಾಣೆ ಹಿಡಿದ ಕುಶಲಕರ್ಮಿ ಇವರೆಲ್ಲ ಇದರಡಿ ಬರುತ್ತಾರೆ. ವಸ್ತುವನ್ನು ಸುಮ್ಮನೆ ಇಟ್ಟುಕೊಂಡಿರುವುದು ಶ್ರಮ ಅಥವಾ ಕೌಶಲದ ಸೇವೆ ಎನಿಸುವುದು ಕಷ್ಟ. 171ನೇ ಕಲಂ ಬ್ಯಾಂಕು, ಬಂದರಿನ ಧಕ್ಕೆಯವರು, ಸರಕನ್ನು ತಮ್ಮ ವಶಕ್ಕೆ ಪಡೆದು ಮಾರಿಕೊಡುವ ಏಜೆಂಟರು, ಹೈಕೋರ್ಟಿನ ಅಟಾರ್ನಿಗಳು (ಹಳೆಯ ಕಾಲದ ಒಂದು ಬಗೆಯ ಕಾನೂನು ವೃತ್ತಿಯವರು), ವಿಮಾ ಪಾಲಿಸಿ ದಲ್ಲಾಳಿಗಳು ಎಂಬ ಐದು ವರ್ಗಕ್ಕೆ ಹೆಚ್ಚು ವಿಶಾಲವಾದ ಹಕ್ಕು ಕೊಟ್ಟು, ಉಳಿದವರಿಗೆ ಸ್ಪಷ್ಟ ಕರಾರಿದ್ದರೆ ಮಾತ್ರ ಎನ್ನುತ್ತದೆ. ಆ ಪಟ್ಟಿಯಲ್ಲಿ ಮನೆ ಮಾಲೀಕರಿಲ್ಲ, ಪಿಜಿ ನಡೆಸುವವರಿಲ್ಲ, ಸ್ನೇಹಿತರೂ ಇಲ್ಲ. ಅಂದಹಾಗೆ, ಫೀಸು ಬಾಕಿಯಿದೆಯೆಂದು ಕಕ್ಷಿದಾರರ ಕಡತಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೂ ಇಲ್ಲವೆಂದು ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನಿಸಿತು. ನೋಟಿಸು ಬರೆಸಲು ಹೋದಾಗ ನೆನಪಿನಲ್ಲಿರಲಿ.

ಗೋದಾಮು ನಡೆಸುವವರ ವಿಷಯ ಬೇರೆ. 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ 2010ರಲ್ಲಿ ಜಾರಿಗೆ ಬಂದಿದ್ದು, ಅದರಡಿ ಬರುವ ಉಗ್ರಾಣದವರಿಗೆ ದಾಸ್ತಾನು ಶುಲ್ಕಕ್ಕಾಗಿ ಸರಕಿನ ಮೇಲೆ ಲೀನ್ ಇದೆ. ನೋಂದಣಿಯಿಲ್ಲದ ಖಾಸಗಿ ಗೋದಾಮಿನವರು ತಮ್ಮ ಕರಾರಿನ ಮಾತುಗಳನ್ನೇ ನಂಬಿಕೊಳ್ಳಬೇಕು.

ಲೀನ್ ಇದ್ದವರಿಗೂ ಒಂದು ಮಿತಿಯಿದೆ. ಗ್ಯಾರೇಜಿನವರು ರಿಪೇರಿ ಹಣಕ್ಕಾಗಿ ಕಾರನ್ನು ತಡೆಹಿಡಿದರೆ, ಆ ತಡೆಹಿಡಿದ ಕಾಲಕ್ಕೆ ಪ್ರತ್ಯೇಕ ಪಾರ್ಕಿಂಗ್ ಬಾಡಿಗೆಯನ್ನು ಲೀನಿನ ಬಲದಿಂದಲೇ ಕೇಳುವಂತಿಲ್ಲ. ತಮ್ಮ ಹಣದ ಭದ್ರತೆಗಾಗಿ ಅವರು ಇಟ್ಟುಕೊಂಡದ್ದು, ಒಡೆಯರ ಉಪಕಾರಕ್ಕಲ್ಲ ಎಂಬುದು ಕಾರಣ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1860ರಲ್ಲಿ ಹಡಗಿನ ರಿಪೇರಿಯೊಂದರ ಪ್ರಕರಣದಲ್ಲಿ, ಸೋಮ್ಸ್ ವಿರುದ್ಧ ಬ್ರಿಟಿಷ್ ಎಂಪೈರ್ ಶಿಪ್ಪಿಂಗ್ ಕಂಪನಿ, ಹೀಗೆ ಹೇಳಿತು. ಪಾರ್ಕಿಂಗ್ ದರ ಬೇಕಿದ್ದರೆ, ವಾಹನ ಪಡೆಯುವಾಗ ಗ್ಯಾರೇಜಿನವರು ಬರೆಯುವ ಜಾಬ್ ಕಾರ್ಡಿನಲ್ಲೇ ಇಂಥ ದಿನದ ನಂತರ ದಿನಕ್ಕೆ ಇಷ್ಟು ಎಂದು ಅಚ್ಚು ಹಾಕಿಸಿ, ಗ್ರಾಹಕರ ಸಹಿ ಪಡೆಯಬೇಕು.

ಲೀನ್ ಇದ್ದಾಗ ಒಡೆಯರು ತಮ್ಮ ವಸ್ತುವನ್ನು ಬಲವಂತವಾಗಿ ಒಯ್ದರೆ ಏನಾಗುತ್ತದೆ? ಗಡಿಯಾರದ ಉದಾಹರಣೆಯೊಂದು ಹಳೆಯ ದಂಡಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಳವಿನ ಕಲಂ 303ರಲ್ಲೂ ಅದು ಉಳಿದಿದೆ. ರಿಪೇರಿ ಹಣ ಬಾಕಿಯಿದ್ದು, ಅದರ ಭದ್ರತೆಗೆ ಅಂಗಡಿಯವರು ಕ್ರಮಬದ್ಧವಾಗಿ ಇಟ್ಟುಕೊಂಡ ಗಡಿಯಾರವನ್ನು, ಆ ಭದ್ರತೆ ತಪ್ಪಿಸುವ ಉದ್ದೇಶದಿಂದ ಒಡೆಯರೇ ಎತ್ತಿಕೊಂಡು ಹೋದರೂ ಅದು ಕಳವು. ಹಣವೇ ಬಾಕಿಯಿಲ್ಲದಿದ್ದರೆ ಕಳವಲ್ಲ. ತನ್ನ ವಸ್ತುವನ್ನೇ ತಾನು ಕದಿಯಬಹುದೆಂಬ ಈ ಮಾತು ಕೇಳಿದವರಿಗೆ ನಗು ತರಿಸುತ್ತದೆ, ಆದರೆ ನ್ಯಾಯವಾದ ವಶಕ್ಕೆ ಕಾನೂನು ಕೊಡುವ ಬೆಲೆ ಅಷ್ಟು.

ನಾಲ್ಕನೆಯ ಹೆಜ್ಜೆ: ವ್ಯಾಜ್ಯ ಮುಗಿಯುವವರೆಗೆ ಸಾಮಾನನ್ನು ನಿಮ್ಮದರಂತೆ ಕಾಯಿರಿ

ಬಾಡಿಗೆ ಬಾರದಿದ್ದರೂ ಕಾಯುವ ಹೊಣೆ ತಪ್ಪುವುದಿಲ್ಲ. ಸಾಧಾರಣ ವಿವೇಕವುಳ್ಳವರು ಅದೇ ಬೆಲೆಯ ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ಇರಬೇಕೆಂದು ಕರಾರು ಕಾಯ್ದೆಯ 151ನೇ ಕಲಂ ಹೇಳುತ್ತದೆ. ಅಷ್ಟು ಎಚ್ಚರ ವಹಿಸಿಯೂ ಹಾಳಾದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ನೀವು ಹೊಣೆಯಲ್ಲ ಎಂದು 152ನೇ ಕಲಂ. ಉಚಿತವಾಗಿ ಇಟ್ಟುಕೊಂಡವರಿಗೂ, ಹಣ ಪಡೆದವರಿಗೂ ಅಳತೆ ಒಂದೇ. ಬಿಸಿಲು ಮಳೆಗೆ ಮೊಗಸಾಲೆಯಲ್ಲಿ ಬಿಸಾಡಿದ ವಾಷಿಂಗ್ ಮೆಷಿನ್ ಕೆಟ್ಟರೆ, ನಿಮ್ಮ ಬಾಡಿಗೆಯ ಬೇಡಿಕೆಗಿಂತ ದೊಡ್ಡ ಪ್ರತಿಬೇಡಿಕೆ ಎದುರಿನಿಂದ ಬರುತ್ತದೆ. ಬಳಸುವುದೂ ಕೂಡದು: ಬಿಟ್ಟುಹೋದ ಸ್ಕೂಟರನ್ನು ಅಂಗಡಿಗೆ ಓಡಿಸಿದಾಗ ಅಪಘಾತವಾದರೆ, ನಿಮ್ಮ ತಪ್ಪಿರಲಿ ಬಿಡಲಿ, 154ನೇ ಕಲಮಿನಡಿ ನಷ್ಟ ನಿಮ್ಮದು. ವಸ್ತುವಿನಿಂದ ಬಂದ ಹೆಚ್ಚಳವೂ ಒಡೆಯರಿಗೇ ಸೇರುತ್ತದೆ. ಕಾಯಲು ಕೊಟ್ಟ ಹಸು ಕರು ಹಾಕಿದರೆ ಕರುವನ್ನೂ ಕೊಡಬೇಕೆಂಬುದು 163ನೇ ಕಲಮಿನ ಸ್ವಂತ ಉದಾಹರಣೆ.

ಪಟ್ಟಿ ಮಾಡುವ ಕೆಲಸವನ್ನು ನೋಟಿಸಿಗೆ ಮುನ್ನವೇ ಮುಗಿಸಿ. ನೆರೆಯವರಲ್ಲಿ ಇಬ್ಬರು ಸಂಬಂಧವಿಲ್ಲದವರನ್ನು ಕರೆದು, ಒಂದೊಂದು ವಸ್ತುವನ್ನೂ, ಅದರ ಕಂಪನಿ, ಸೀರಿಯಲ್ ನಂಬರ್, ಗೀರು, ಮುರಿತ ಸಮೇತ ಬರೆದು, ದಿನಾಂಕ ಹಾಕಿ, ಅವರ ಸಹಿ ಪಡೆಯಿರಿ. ಮುಚ್ಚಿದ ಪೆಟ್ಟಿಗೆಗಳನ್ನು ತೆರೆಯದೆ, ಮೇಲೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿಸಿ. ಒಳಗೆ ಬಂಗಾರವಿತ್ತೆಂಬ ದೂರು ಬಾರದಂತೆ ತಡೆಯುವ ಉಪಾಯ ಇದೊಂದೇ. ಎಡೆಬಿಡದೆ ಒಂದೇ ವಿಡಿಯೊ ಚಿತ್ರೀಕರಿಸಿ, ಮೂಲ ಫೋನನ್ನು ಉಳಿಸಿಕೊಳ್ಳಿ. ಫೋಟೊ, ವಿಡಿಯೊ, ವಾಟ್ಸ್‌ಆ್ಯಪ್ ಸಂದೇಶಗಳ ಪ್ರತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅದರ ಒಂದು ಭಾಗವನ್ನು ನೀವು, ಇನ್ನೊಂದನ್ನು ತಜ್ಞರು ತುಂಬಬೇಕು. ಪಾಸ್‌ಪೋರ್ಟ್, ಅಂಕಪಟ್ಟಿ, ಆಸ್ತಿಪತ್ರ ಸಿಕ್ಕರೆ ಪ್ರತ್ಯೇಕವಾಗಿ ಪಟ್ಟಿಮಾಡಿ ತಡಮಾಡದೆ ಹಿಂದಿರುಗಿಸಿ. ಅವುಗಳನ್ನು ಬಾಡಿಗೆಗಾಗಿ ಒತ್ತೆಯಿಟ್ಟುಕೊಂಡರೆ ನಿಮ್ಮ ಉಳಿದ ನ್ಯಾಯವಾದ ಬೇಡಿಕೆಗೂ ಮಸಿ ಬಳಿದಂತೆ.

ಐದನೆಯ ಹೆಜ್ಜೆ: ನೋಟಿಸು ಕೊಡಿ

ವಕೀಲರ ಮೂಲಕ ಕೊಟ್ಟರೆ ಒಳ್ಳೆಯದು, ನೀವೇ ಬರೆದರೂ ನಡೆಯುತ್ತದೆ. ಬೆದರಿಕೆಯ ಭಾಷೆ ಬೇಡ. ನೋಟಿಸನ್ನು ಮುಂದೆ ಓದುವವರು ನ್ಯಾಯಾಧೀಶರು ಎಂದುಕೊಂಡು ಬರೆಯಿರಿ. ಹೀಗೆ ಬರೆಯಬಹುದು:

"ತಾವು ಇಂಥ ದಿನಾಂಕದಂದು, ಇಷ್ಟು ಕಾಲದ ಮಟ್ಟಿಗೆ ಎಂದು ತಿಳಿಸಿ, ಲಗತ್ತಿಸಿದ ಪಟ್ಟಿಯಲ್ಲಿರುವ ಸಾಮಾನುಗಳನ್ನು ನನ್ನ ಇಂಥ ವಿಳಾಸದ ಜಾಗದಲ್ಲಿ ಇರಿಸಿರುತ್ತೀರಿ. ಆ ಅವಧಿ ಇಂಥ ದಿನಕ್ಕೆ ಮುಗಿದಿದ್ದು, ಇಂಥ ದಿನಗಳಂದು ತಮಗೆ ಸಂದೇಶ ಕಳುಹಿಸಿದರೂ ತಾವು ಸಾಮಾನುಗಳನ್ನು ಒಯ್ದಿರುವುದಿಲ್ಲ. ಈ ನೋಟಿಸು ತಲುಪಿದ 30 ದಿನಗಳೊಳಗೆ, ಮುಂಚಿತವಾಗಿ ತಿಳಿಸಿ, ಬೆಳಿಗ್ಗೆ 10ರಿಂದ ಸಂಜೆ 5ರ ನಡುವೆ ತಾವಾಗಲಿ ತಮ್ಮ ಲಿಖಿತ ಅಧಿಕಾರ ಪಡೆದವರಾಗಲಿ ಬಂದು ಸಾಮಾನುಗಳನ್ನು ಒಯ್ಯಬೇಕಾಗಿ ಕೋರುತ್ತೇನೆ. ಆ ದಿನದ ನಂತರ ತಿಂಗಳಿಗೆ ಇಷ್ಟು ರೂಪಾಯಿಯಂತೆ ಜಾಗದ ಶುಲ್ಕ ಹಾಗೂ ಬಾಕಿ ಮೊತ್ತದ ಮೇಲೆ ವಾರ್ಷಿಕ ಇಷ್ಟು ದರದ ಬಡ್ಡಿಯನ್ನು ತಮ್ಮಿಂದ ಕೇಳಲಾಗುವುದು. ಇದುವರೆಗಿನ ಬಾಕಿಯ ಲೆಕ್ಕ ಲಗತ್ತಿಸಿದೆ. ತಾವು ಸ್ಪಂದಿಸದಿದ್ದಲ್ಲಿ ಹಣದ ವಸೂಲಿಗೂ, ಸಾಮಾನುಗಳನ್ನು ತೆರವುಗೊಳಿಸುವ ಆದೇಶಕ್ಕೂ ನ್ಯಾಯಾಲಯವನ್ನು ಸಂಪರ್ಕಿಸಲಾಗುವುದು."

ಹಣ ಕೊಡದ ಹೊರತು ಸಾಮಾನು ಕೊಡುವುದಿಲ್ಲ ಎಂಬ ವಾಕ್ಯವನ್ನು ಲೀನ್ ಇದ್ದವರು ಮಾತ್ರ ಸೇರಿಸಬಹುದು. ಲೀನ್ ಇಲ್ಲದವರು ಅದನ್ನು ಬರೆದರೆ, ಅಕ್ರಮವಾಗಿ ತಡೆಹಿಡಿದದ್ದಕ್ಕೆ ತಮ್ಮದೇ ಸಹಿಯ ಸಾಕ್ಷ್ಯ ಕೊಟ್ಟಂತಾಗುತ್ತದೆ, ಮತ್ತು ಕರಾರು ಕಾಯ್ದೆಯ 161ನೇ ಕಲಮಿನ ಪ್ರಕಾರ ಸಕಾಲಕ್ಕೆ ಹಿಂದಿರುಗಿಸದ ತಪ್ಪು ಅವರದಾದರೆ ಅಲ್ಲಿಂದಾಚೆಗಿನ ನಾಶನಷ್ಟಕ್ಕೆಲ್ಲ ಅವರೇ ಹೊಣೆಯಾಗುತ್ತಾರೆ. ನೋಟಿಸನ್ನು ಸ್ವೀಕೃತಿಯ ದಾಖಲೆ ಸಿಗುವ ಅಂಚೆಯಲ್ಲಿ, ಗೊತ್ತಿರುವ ಎಲ್ಲ ವಿಳಾಸಗಳಿಗೂ, ಬಾಡಿಗೆ ಕರಾರಿನಲ್ಲಿ ಕಾಣಿಸಿದ ಊರಿನ ಕಾಯಂ ವಿಳಾಸಕ್ಕೂ ಕಳುಹಿಸಿ. ಇ-ಮೇಲ್ ಮತ್ತು ವಾಟ್ಸ್‌ಆ್ಯಪ್‌ನಲ್ಲೂ ಅದರ ಪ್ರತಿ ಹೋಗಲಿ. ಪಡೆಯದೆ ಮರಳಿ ಬಂದ ಲಕೋಟೆಯನ್ನು ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ.

ಆರನೆಯ ಹೆಜ್ಜೆ: ಮಾರುವ ಮುನ್ನ ನಿಲ್ಲಿ

ನೋಟಿಸಿಗೆ ಉತ್ತರ ಬರಲಿಲ್ಲವೆಂದು ಗುಜರಿಯವರನ್ನು ಕರೆಯುವುದು ಅತ್ಯಂತ ಅಪಾಯದ ಕೆಲಸ. ವಸ್ತುವನ್ನು ಇಟ್ಟುಕೊಂಡವರಿಗೆ ಅದನ್ನು ಮಾರುವ ಸಾಮಾನ್ಯ ಅಧಿಕಾರವನ್ನು ಕರಾರು ಕಾಯ್ದೆ ಕೊಟ್ಟಿಲ್ಲ; ಆ ಕಾಯ್ದೆಯಡಿ ಲೀನ್ ಇದ್ದವರಿಗೂ ಇರುವುದು ತಡೆಹಿಡಿಯುವ ಹಕ್ಕು ಮಾತ್ರ. ವಿಚಿತ್ರವೆಂದರೆ, ಬೀದಿಯಲ್ಲಿ ಬಿದ್ದ ವಸ್ತುವನ್ನು ಹೆಕ್ಕಿ ಕಾಪಾಡಿದವರಿಗೆ 169ನೇ ಕಲಂ ಮಾರುವ ಅವಕಾಶ ಕೊಡುತ್ತದೆ: ಒಡೆಯರು ಸಿಗದೆ ಅಥವಾ ನ್ಯಾಯವಾದ ಖರ್ಚು ಕೊಡದೆ ಇದ್ದು, ಅದರ ಜೊತೆಗೆ ವಸ್ತು ಹಾಳಾಗುವ ಅಪಾಯದಲ್ಲಿದ್ದರೆ ಅಥವಾ ಖರ್ಚು ಅದರ ಬೆಲೆಯ ಮೂರರಲ್ಲಿ ಎರಡು ಪಾಲಿಗೆ ಮುಟ್ಟಿದ್ದರೆ. ಒತ್ತೆಯಿಟ್ಟುಕೊಂಡವರು 176ನೇ ಕಲಮಿನಡಿ ಸಮಂಜಸ ನೋಟಿಸಿನ ನಂತರ ಮಾರಬಹುದು. ಕೇಳಿಕೊಂಡು ಇಟ್ಟುಹೋದ ವಸ್ತುವನ್ನು ಕಾಯುತ್ತಿರುವವರಿಗೆ ಮಾತ್ರ ಇಂಥ ನೇರ ಕಲಂ ಇಲ್ಲ. ಇದು ಕಾಯ್ದೆಯ ಕೊರತೆ ಎಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡು 1977ರ ಕಾಯ್ದೆಯೊಂದರಲ್ಲಿ ನಿಗದಿತ ನೋಟಿಸಿನ ನಂತರ, ಹಣ ಬಾಕಿಯಿದ್ದಲ್ಲಿ ಕನಿಷ್ಠ ಮೂರು ತಿಂಗಳು ಕಾದು, ಮಾರುವ ದಾರಿ ಮಾಡಿಕೊಟ್ಟಿದೆ, ನಮ್ಮಲ್ಲಿ ಹಾಗೆ ಆಗಿಲ್ಲ.

ಅಧಿಕಾರವಿಲ್ಲದೆ ಮಾರಿ ಹಣವನ್ನು ಇಟ್ಟುಕೊಂಡರೆ, ಅಪ್ರಾಮಾಣಿಕ ಉದ್ದೇಶ ಸಾಬೀತಾದ ಪಕ್ಷದಲ್ಲಿ, ಅದು ನ್ಯಾಯ ಸಂಹಿತೆಯ 316ನೇ ಕಲಮಿನ ನಂಬಿಕೆದ್ರೋಹ. ಸಾಮಾನ್ಯರಿಗೆ ಐದು ವರ್ಷದವರೆಗೆ, ಸಾಗಣೆದಾರರು ಮತ್ತು ಉಗ್ರಾಣದವರಿಗೆ ಏಳು ವರ್ಷದವರೆಗೆ ಶಿಕ್ಷೆ ಇದೆ. ವಾಹನವಾದರೆ ಮಾರಾಟವೇ ಪೂರ್ಣವಾಗುವುದಿಲ್ಲ: ನೋಂದಾಯಿತ ಒಡೆಯರ ಸಹಿಯುಳ್ಳ ಫಾರಂ 29 ಮತ್ತು 30 ಇಲ್ಲದೆ ಆರ್‌ಟಿಒದಲ್ಲಿ ಹೆಸರು ಬದಲಾಗದು, ಸಾಲದ ಮೇಲೆ ಕೊಂಡ ವಾಹನಕ್ಕೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು.

ಸಾಗಣೆದಾರರಿಗೆ ಬೇರೆ ನಿಯಮವಿದೆ. 2007ರ ರಸ್ತೆ ಸಾಗಣೆ ಕಾಯ್ದೆಯ 15ನೇ ಕಲಮಿನಡಿ, ನೋಟಿಸು ಕೊಟ್ಟ 30 ದಿನಗಳೊಳಗೆ ಸರಕು ಬಿಡಿಸಿಕೊಳ್ಳದಿದ್ದರೆ ಅದನ್ನು ಹಕ್ಕುದಾರರಿಲ್ಲದ ಸರಕೆಂದು ಪರಿಗಣಿಸಿ, ಮತ್ತೆ ನೋಟಿಸು ಕೊಟ್ಟು, ಹರಾಜು ಹಾಕಬಹುದು. ಬಾಡಿಗೆ ಮತ್ತು ದಾಸ್ತಾನು ಖರ್ಚು ಕಳೆದು ಉಳಿದದ್ದನ್ನು ಹಿಂದಿರುಗಿಸಬೇಕು. ಬೇಗ ಕೊಳೆಯುವ ಸರಕಿಗೆ ಈ ಅವಧಿ 24 ಗಂಟೆ.

ಉಳಿದವರಿಗೆ ಇರುವ ದಾರಿಗಳು ಎರಡು. ಒಡೆಯರಿಂದಲೇ ಲಿಖಿತ ಒಪ್ಪಿಗೆ ಪಡೆಯುವುದು ಮೊದಲನೆಯದು: ಮಾರಿ ಬಾಕಿ ವಜಾ ಮಾಡಿಕೊಳ್ಳಿ ಎಂಬ ಒಂದು ಇ-ಮೇಲ್ ಬಂದರೂ ಅರ್ಧ ವ್ಯಾಜ್ಯ ಅಲ್ಲೇ ಮುಗಿಯುತ್ತದೆ. ಎರಡನೆಯದು ನ್ಯಾಯಾಲಯ.

ಏಳನೆಯ ಹೆಜ್ಜೆ: ಸರಿಯಾದ ಬಾಗಿಲನ್ನು ತಟ್ಟಿ

ಸಣ್ಣ ಮೊತ್ತದ ವ್ಯಾಜ್ಯವನ್ನು ದಾವೆಗೆ ಮುನ್ನವೇ ಲೋಕ್ ಅದಾಲತ್‌ಗೆ ಒಯ್ಯುವುದು ಲೇಸು. ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಎದುರಿನವರನ್ನು ಕರೆಸುತ್ತಾರೆ, ನ್ಯಾಯಾಲಯ ಶುಲ್ಕವಿಲ್ಲ, ರಾಜಿಯಾದರೆ ಅದಕ್ಕೆ ಡಿಕ್ರಿಯ, ಅಂದರೆ ನ್ಯಾಯಾಲಯದ ತೀರ್ಮಾನದ, ಬಲವಿದೆ, ಮೇಲ್ಮನವಿಯಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಉಚಿತ ವಕೀಲರ ನೆರವೂ ಸಿಗುತ್ತದೆ, ಸಹಾಯವಾಣಿ 15100. ಇಬ್ಬರೂ ವ್ಯಾಪಾರಸ್ಥರಾಗಿದ್ದು ಮೊತ್ತ ಮೂರು ಲಕ್ಷ ಅಥವಾ ಹೆಚ್ಚಿನದಾದರೆ, ತುರ್ತು ಪರಿಹಾರ ಬೇಕಿರದ ಹೊರತು, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನ ಮಧ್ಯಸ್ಥಿಕೆ ಮುಗಿಸದೆ ದಾವೆ ಹೂಡುವಂತೆಯೇ ಇಲ್ಲ.

ದಾವೆ ಹೂಡುವಾಗ ಕೇವಲ ಹಣ ಕೇಳಿ ಸುಮ್ಮನಾಗಬೇಡಿ. ಸಾಮಾನುಗಳನ್ನು ತೆರವು ಮಾಡುವಂತೆ ಪ್ರತಿವಾದಿಗೆ ಆಜ್ಞಾಪಿಸುವ ಕಡ್ಡಾಯ ನಿರ್ಬಂಧಕಾಜ್ಞೆಯನ್ನೂ ಕೇಳಿ. ಹಾಳಾಗುವ ವಸ್ತುವಾದರೆ, ಅಥವಾ ಬೇರೆ ನ್ಯಾಯವಾದ ಕಾರಣವಿದ್ದರೆ, ದಾವೆ ನಡೆಯುತ್ತಿರುವಾಗಲೇ ಮಾರಾಟ ಮಾಡಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 6ರಲ್ಲಿದೆ. ಸಾಮಾನೇ ದಾವೆಯ ವಿಷಯವಾಗುವಂತೆ ಅರ್ಜಿಯನ್ನು ರೂಪಿಸುವುದರ ಉಪಯೋಗ ಇಲ್ಲಿ ಕಾಣುತ್ತದೆ. ಹಣದ ಡಿಕ್ರಿಯಾದ ಮೇಲೆ, ನಿಮ್ಮ ಜಾಗದಲ್ಲೇ ಇರುವ ಅದೇ ಸಾಮಾನನ್ನು ನ್ಯಾಯಾಲಯದ ಮೂಲಕ ಜಪ್ತಿ ಮಾಡಿಸಿ ಹರಾಜು ಹಾಕಿಸಬಹುದು. ನೀವೇ ಮಾಡಿದರೆ ಅಪರಾಧವಾಗಬಹುದಾಗಿದ್ದ ಕೆಲಸ ನ್ಯಾಯಾಲಯದ ಅಮೀನರು ಮಾಡಿದಾಗ ಕ್ರಮಬದ್ಧವಾಗುತ್ತದೆ. ಆದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೆಲವನ್ನು ಜಪ್ತಿಯಿಂದ ಹೊರಗಿಟ್ಟಿದೆ: ಅವಶ್ಯಕ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ಧರ್ಮದ ರೂಢಿಯಂತೆ ಹೆಣ್ಣು ಬಿಟ್ಟುಕೊಡಲಾಗದ ಒಡವೆ. ಬಿಟ್ಟುಹೋದ ಸಾಮಾನಿನಲ್ಲಿ ಹೆಚ್ಚಿನದು ಇಂಥದೇ ಆಗಿದ್ದರೆ, ದಾವೆಯ ಖರ್ಚು ಹುಟ್ಟುತ್ತದೆಯೇ ಎಂದು ಮೊದಲೇ ಯೋಚಿಸಿ. ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಅದರೊಳಗೆ ಎದುರಿನವರು ಸಹಿ ಹಾಕಿ ಬಾಕಿಯನ್ನು ಒಪ್ಪಿಕೊಂಡರೆ ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ.

ಸಾಮಾನಿನ ಒಡೆಯರು ನೀವಾಗಿದ್ದರೆ

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಒಪ್ಪಿದ ದರದ ಮೇಲೆ ದಾಸ್ತಾನು ಶುಲ್ಕವೆಂದು ಹೊಸ ಮೊತ್ತ ಹೇರಿ, ಕೊಡದೆ ಲಾರಿ ಬಿಚ್ಚುವುದಿಲ್ಲವೆಂದರೆ, ಗಲಾಟೆಗಿಂತ ಹಣ ಕೊಟ್ಟು ಸಾಮಾನು ಬಿಡಿಸಿಕೊಳ್ಳುವುದೇ ಹಲವು ಬಾರಿ ವಿವೇಕ. ಆದರೆ ಕೊಡುವ ಮುನ್ನ, ಈ ಹಣವನ್ನು ಆಕ್ಷೇಪಣೆಯೊಂದಿಗೆ, ಸಾಮಾನು ಬಿಡಿಸಿಕೊಳ್ಳುವ ಸಲುವಾಗಿ ಮಾತ್ರ ಕೊಡುತ್ತಿದ್ದೇನೆ ಎಂದು ಸಂದೇಶ ಕಳುಹಿಸಿ, ಬ್ಯಾಂಕ್ ಮೂಲಕವೇ ಪಾವತಿಸಿ. ಬಲವಂತದಿಂದ ಪಡೆದ ಹಣವನ್ನು ಹಿಂದಿರುಗಿಸಬೇಕೆಂದು ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ. ಅಕ್ರಮ ಶುಲ್ಕ ತೆರದ ಹೊರತು ಸರಕು ಬಿಡದ ರೈಲ್ವೆ ಕಂಪನಿಯೊಂದರ ಉದಾಹರಣೆ ಆ ಕಲಮಿನಲ್ಲೇ ಇದೆ. ಹಣ ಪಡೆದು ಸೇವೆ ಕೊಟ್ಟವರ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಊರಿನಲ್ಲೇ ದೂರು ಹೂಡಬಹುದು, ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಉಚಿತವಾಗಿ ಇಟ್ಟುಕೊಂಡ ಸ್ನೇಹಿತರ ಮೇಲೆ ಈ ಬಾಗಿಲು ತೆರೆಯುವುದಿಲ್ಲ. ಸಾಗಣೆಯಲ್ಲಿ ನಷ್ಟವಾಗಿದ್ದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡುವುದನ್ನು ಮರೆಯಬೇಡಿ.

ಸಾಮಾನೇ ಬೇಕೆಂದಾದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 7 ಮತ್ತು 8ನೇ ಕಲಂಗಳಡಿ ಸಿವಿಲ್ ದಾವೆ ಇದೆ. ನಂಬಿ ಒಪ್ಪಿಸಿದ ವಸ್ತುವಿಗೆ ಮೂರು ವರ್ಷದ ಎಣಿಕೆ ಆರಂಭವಾಗುವುದು ನೀವು ಕೇಳಿದ ನಂತರ ಅವರು ನಿರಾಕರಿಸಿದ ದಿನದಿಂದ ಎಂದು ಕಾಲಮಿತಿ ಕಾಯ್ದೆಯ 70ನೇ ಅನುಚ್ಛೇದ ಹೇಳುವುದರಿಂದ, ಕೇಳಿದ ದಿನ ಮತ್ತು ನಿರಾಕರಣೆ ಎರಡೂ ಬರವಣಿಗೆಯಲ್ಲಿರಲಿ. ನ್ಯಾಯವಾದ ಬಾಕಿ ಎಷ್ಟೆಂದು ನಿಮಗೇ ಗೊತ್ತಿದ್ದರೆ ಅಷ್ಟನ್ನು ಕೊಡಲು ಮುಂದಾಗಿ, ಅವರು ಒಲ್ಲೆ ಎಂದದ್ದನ್ನೂ ದಾಖಲಿಸಿ. ಮುಂದಿನ ತಿಂಗಳುಗಳ ಬಾಡಿಗೆಯ ಬೇಡಿಕೆಯನ್ನು ಕುಗ್ಗಿಸಲು ಅದು ನೆರವಾಗುತ್ತದೆ.

ಇಬ್ಬರು ಬಂದು ನನ್ನದು ಎಂದರೆ

ಸಾಮಾನು ಇಟ್ಟವರು ತೀರಿಕೊಂಡಾಗ, ಅಥವಾ ಗಂಡಹೆಂಡಿರು ಬೇರೆಯಾದಾಗ, ಇದು ಬಂದೇ ಬರುತ್ತದೆ. ಉಚಿತವಾಗಿ ಇಟ್ಟುಕೊಂಡ ಏರ್ಪಾಡು ಇಬ್ಬರಲ್ಲಿ ಯಾರೇ ಸತ್ತರೂ ಕೊನೆಗೊಳ್ಳುತ್ತದೆ. ಜಂಟಿ ಒಡೆಯರು ಇಟ್ಟಿದ್ದರೆ, ವಿರುದ್ಧ ಕರಾರಿಲ್ಲದ ಪಕ್ಷದಲ್ಲಿ, ಅವರಲ್ಲೊಬ್ಬರಿಗೆ ಕೊಟ್ಟರೂ ಸಾಕು. ಇಟ್ಟವರಿಗೇ ಸದ್ಭಾವನೆಯಿಂದ ಹಿಂದಿರುಗಿಸಿದರೆ, ಅವರು ನಿಜವಾದ ಒಡೆಯರಲ್ಲವೆಂದು ಆಮೇಲೆ ತಿಳಿದರೂ ನೀವು ಹೊಣೆಯಲ್ಲ ಎಂದು ಕರಾರು ಕಾಯ್ದೆಯ 166ನೇ ಕಲಂ ರಕ್ಷಿಸುತ್ತದೆ. ವಾರಸುದಾರರೊಳಗೇ ಜಗಳವಿದ್ದರೆ ಯಾರ ಪಕ್ಷವನ್ನೂ ಹಿಡಿಯದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 88ನೇ ಕಲಮಿನ ಇಂಟರ್‌ಪ್ಲೀಡರ್ ದಾವೆ ಹೂಡಿ, ಕಾವಲಿನ ಖರ್ಚಿನ ಹೊರತು ತನಗೆ ಬೇರೇನೂ ಬೇಡವೆಂದು ಹೇಳಿ, ಯಾರಿಗೆ ಕೊಡಬೇಕೆಂದು ನ್ಯಾಯಾಲಯವನ್ನೇ ಕೇಳಬಹುದು.

ಮುಂದಿನ ಸಲಕ್ಕೆ ಒಂದು ಪುಟದ ಕರಾರು

ಬಾಡಿಗೆ ಕರಾರಿನಲ್ಲಾಗಲಿ, ಬಿಡಿಯಾಗಿ ಸ್ಟಾಂಪ್ ಕಾಗದದ ಮೇಲಾಗಲಿ, ಐದು ಸಂಗತಿ ಬರೆಸಿದರೆ ಮೇಲಿನ ಬಹುಪಾಲು ತೊಡಕು ಹುಟ್ಟುವುದೇ ಇಲ್ಲ: ವಸ್ತುಗಳ ಪಟ್ಟಿ, ಅವಧಿ ಮತ್ತು ದರ, ಬಾಕಿಗಾಗಿ ತಡೆಹಿಡಿಯುವ ಹಕ್ಕು, ಇಂಥ ವಿಳಾಸಕ್ಕೆ ನೋಟಿಸು ಕೊಟ್ಟು ಇಷ್ಟು ದಿನ ಕಾದ ಮೇಲೆ ಮಾರಿ, ಬಾಕಿ ಕಳೆದು, ಉಳಿದ ಹಣವನ್ನು ಇಂಥ ಖಾತೆಗೆ ಜಮೆ ಮಾಡುವ ಸ್ಪಷ್ಟ ಅಧಿಕಾರ, ವಿಳಾಸ ಬದಲಾದರೆ ತಿಳಿಸುವ ಹೊಣೆ. ಮಾರುವ ಅಧಿಕಾರದ ಷರತ್ತನ್ನು ವಕೀಲರಿಂದಲೇ ಬರೆಸಿ. ಉಳಿದದ್ದನ್ನು ನೀವೇ ಬರೆಯಬಹುದು.

ಸಾಮಾನನ್ನು ಒಪ್ಪಿಸುವ ದಿನ ಅದೇ ಪಟ್ಟಿಯನ್ನು ಹೊರತೆಗೆದು, ಒಂದೊಂದರ ಎದುರಿಗೂ ಗುರುತು ಹಾಕಿಸಿ, ಎಲ್ಲವನ್ನೂ ನೋಡಿ, ಇದ್ದ ಸ್ಥಿತಿಯಲ್ಲೇ ಪಡೆದಿದ್ದೇನೆ, ಸಾಮಾನಿನ ಬಗ್ಗೆ ಬೇರೆ ತಕರಾರಿಲ್ಲ ಎಂದು ಕೈಬರಹದಲ್ಲಿ ಬರೆಸಿ ಸಹಿ ಪಡೆಯಿರಿ. ಬಾಡಿಗೆಯ ಬಾಕಿ ಇನ್ನೂ ಉಳಿದಿದ್ದರೆ ಆ ಮೊತ್ತವನ್ನೂ, ಕೊಡುವ ದಿನಾಂಕವನ್ನೂ ಅದೇ ಕಾಗದದಲ್ಲಿ ಅವರಿಂದಲೇ ಬರೆಸಿಕೊಳ್ಳಿ, ಲಾರಿ ಹೊರಡುವ ಮುನ್ನವೇ.